ಹಿಂಬದಿಯ ತಗಡು

ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ತಮ್ಮನಿಗೊಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಟ್ಟೆ. ಮಹಾಪ್ರಬಂಧದ ಮೂರನೇ ಅಧ್ಯಾಯ ತಿದ್ದಬೇಕಿದ್ದ ಎರಡು ರಾತ್ರಿ ಕೇಬಲ್ ಕಟ್ಟುವುದರಲ್ಲೇ ಹೋದವು. ಗಾಜಿನ ಬದಿಯಿಂದ ನೋಡಿದರೆ ಒಂದು ತಂತಿಯೂ ಅಡ್ಡಾದಿಡ್ಡಿಯಿಲ್ಲ. ತಮ್ಮ ಹಿಂಬದಿಯ ತಗಡು ಬಿಚ್ಚಿ ನಕ್ಕ: "ಅಕ್ಕಾ, ಗೋಜಲೆಲ್ಲ ಇಲ್ಲಿ ತುರುಕಿದ್ದೀಯ. ಇದು ಮೋಸ ಅಲ್ವಾ?"

ಗಾಳಿ ಸರಾಗವಾಗಿ ಆಡಲಿ ಅಂತ, ಎಂದೆ. ಅದು ಅರ್ಧ ಸತ್ಯ. ಫ್ಯಾನಿಗೆ ಅಡ್ಡ ಬರದಿದ್ದರೆ ನಾಲ್ಕು ತಂತಿ ಜೋತುಬಿದ್ದ ಮಾತ್ರಕ್ಕೆ ಶಾಖವೇನೂ ಹೆಚ್ಚು ಏರುವುದಿಲ್ಲ. ಆ 24 ಪಿನ್ನಿನ ದಪ್ಪ ಕೇಬಲನ್ನು ನಾನು ಮರೆಮಾಡಿದ್ದು ನೋಡುವವರ ಕಣ್ಣಿಗಾಗಿಯೇ.

ಆದರೂ ಮೋಸ ಎನ್ನಲು ಮನಸ್ಸು ಒಪ್ಪಲಿಲ್ಲ. ತಗಡನ್ನು ಹಿಡಿದಿರುವುದು ಎರಡೇ ಸ್ಕ್ರೂ; ಬೇಕಾದವರು ಬಿಚ್ಚಿ ನೋಡಬಹುದು, ಅವನು ನೋಡಿದನಲ್ಲ. ಮೊದಲು ಅವನು ಕೇಳಿದ್ದು ಲ್ಯಾಪ್‌ಟಾಪ್. ಹಾಸ್ಟೆಲಿಗೆ ಹೊತ್ತೊಯ್ಯಬೇಕಾದವರಿಗೆ ಅದೇ ಸರಿ, ಜಗಳವಿಲ್ಲ. ಆದರೆ ಅಲ್ಲಿಯ ಮುಚ್ಚುಮರೆಯೇ ಬೇರೆ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090 ಕಾರ್ಡು 450 ವ್ಯಾಟ್‌ನದು; ಅದೇ 4090ರ ಹೆಸರು ಹೊತ್ತು ಲ್ಯಾಪ್‌ಟಾಪಿನೊಳಗೆ ಕೂತಿರುವುದು ಬೇರೆಯೇ ಚಿಪ್ಪು, ಚಿಕ್ಕದು, 150 ವ್ಯಾಟ್ ಆಸುಪಾಸಿನದು. ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ತೆಗೆದು ಬೇರೆ ಹಾಕುವಂತಿಲ್ಲ. ಸ್ಕ್ರೂ ಬಿಚ್ಚಿ ಕಣ್ಣರಳಿಸಿದರೂ ಹೆಸರಿಗೂ ವಸ್ತುವಿಗೂ ಇರುವ ಅಂತರ ಕಾಣುವುದಿಲ್ಲ.

ಇದನ್ನೆಲ್ಲ ತಮ್ಮನಿಗೆ ಜೋರಾಗಿಯೇ ವಿವರಿಸಿದೆ. ಮರುದಿನ ಅಧ್ಯಾಯ ತೆರೆದೆ. ನನ್ನ ವಾದಕ್ಕೆ ಹೊಂದದ ನಾಲ್ಕು ಸಂದರ್ಶನಗಳನ್ನು ಕೈಬಿಟ್ಟಿದ್ದೆ; ಅಡಿಟಿಪ್ಪಣಿಯಲ್ಲೂ ಸುಳಿವಿರಲಿಲ್ಲ. ಈಗ ಅವನ್ನು ಅನುಬಂಧಕ್ಕೆ ಸೇರಿಸುತ್ತಿದ್ದೇನೆ. ವಾದ ಮೊದಲಿನಷ್ಟು ಚೆಂದ ಕಾಣುತ್ತಿಲ್ಲ.