ಹಳದಿಯಾದ ಎಲೆಯೂ ಮನೆಮದ್ದೂ

ಹೊಲದಲ್ಲಾಗಲಿ ಹಿತ್ತಿಲಲ್ಲಾಗಲಿ ನಾವು ನೆಟ್ಟು ಬೆಳೆಸಿದ ಗಿಡದ ಎಲೆಗಳು ಹಳದಿಯಾಗುವದನ್ನು ಕಂಡಾಗ ಮನಸ್ಸು ಕಳವಳಗೊಳ್ಳುವದು ಸಹಜವೇ. ಆಗ ನೆರೆಯವನೊಬ್ಬನು ಬಂದು, ಬುಡಕ್ಕೆ ಬೂದಿ ಹಾಕಿರಿ ಅನ್ನುತ್ತಾನೆ; ಮತ್ತೊಬ್ಬನು, ಹುಳಿಮಜ್ಜಿಗೆಯನ್ನು ಎರಚಿರಿ ಅನ್ನುತ್ತಾನೆ; ಮೂರನೆಯವನು, ಗೋಮೂತ್ರಕ್ಕಿಂತ ಮಿಗಿಲಾದ ಮದ್ದಿಲ್ಲ ಅನ್ನುತ್ತಾನೆ. ಮೂವರಲ್ಲಿ ಒಬ್ಬನೂ ನಮಗೆ ಕೇಡು ಬಯಸುವವನಲ್ಲ. ಒಬ್ಬನೂ ನಮ್ಮಿಂದ ಕಾಸು ಕೇಳುವವನಲ್ಲ. ಆದರೂ ಅವರ ಮಾತಿನಂತೆ ಉಪಚರಿಸಿದ ಗಿಡವು ಕೆಲವು ಸಾರಿ ಸತ್ತೇ ಹೋಗುತ್ತದೆ. ಆದಕಾರಣ ನಾವು ಇಲ್ಲಿ ವಿಚಾರಿಸತಕ್ಕ ಪ್ರಶ್ನೆ ಯಾವದೆಂದರೆ: ಒಳ್ಳೇ ಮನಸ್ಸಿನಿಂದ ಕೊಟ್ಟ ಮದ್ದು, ಒಳ್ಳೇ ಮನಸ್ಸಿನಿಂದ ಕೊಟ್ಟದ್ದೆಂಬ ಕಾರಣದಿಂದಲೇ ಒಳ್ಳೇದಾಗುವದೋ? ರೋಗವನ್ನು ವಿಚಾರಿಸದೆ ಮದ್ದು ಹೇಳುವದು ಪರೋಪಕಾರವೋ, ಇಲ್ಲವೆ ಪರೋಪಕಾರದ ವೇಷ ತೊಟ್ಟ ಸೋಮಾರಿತನವೋ?

ಹಳದಿ ಬಣ್ಣವು ತಾನೇ ಒಂದು ರೋಗವಲ್ಲ. ಅದು ಗುರುತು ಮಾತ್ರ. ಮನುಷ್ಯರಲ್ಲಿ ಜ್ವರವು ಹೇಗೆ ಅನೇಕ ವ್ಯಾಧಿಗಳ ಗುರುತಾಗಿದೆಯೋ ಹಾಗೆಯೇ ಗಿಡಗಳಲ್ಲಿ ಹಳದಿಯು ಅನೇಕ ಕೊರತೆಗಳ ಗುರುತಾಗಿದೆ. ಬುಡದ ಒಂದೆರಡು ಎಲೆಗಳು ಹಣ್ಣಾಗಿ ಉದುರಿದರೆ ಅದು ರೋಗವೇ ಅಲ್ಲ. ಅವುಗಳ ಕಾಲ ತೀರಿತು, ಅಷ್ಟೇ. ಆದರೆ ಬುಡದ ಎಲೆಗಳೆಲ್ಲಾ ಒಂದೇ ಸಮನಾಗಿ ಹಳದಿಯಾಗಿ, ಗಿಡವೂ ಕುಗ್ಗಿ ನಿಂತರೆ ಅದಕ್ಕೆ ಸಾರಜನಕದ ಹಸಿವೆಂದು ತಿಳಿಯಬಹುದು. ಗಿಡವು ಹಸಿದಾಗ ಹಳೇ ಎಲೆಗಳಲ್ಲಿದ್ದ ಸಾರಜನಕವನ್ನು ಹಿಂದಕ್ಕೆ ಎಳೆದುಕೊಂಡು ಎಳೇ ಚಿಗುರಿಗೆ ಕೊಡುತ್ತದೆ. ಬಡ ಮನೆಯಲ್ಲಿ ತಾಯಿಯು ತಾನು ಉಣ್ಣದೆ ಕೂಸಿಗೆ ಉಣಿಸುವಂತೆಯೇ ಇದು. ಕಬ್ಬಿಣದ ಕೊರತೆಯಾದರೋ ಇದಕ್ಕೆ ವಿರುದ್ಧವಾಗಿದೆ. ಕಬ್ಬಿಣವು ಒಂದು ಎಲೆಯಲ್ಲಿ ಸೇರಿದ ಮೇಲೆ ಸುಲಭವಾಗಿ ಅಲ್ಲಿಂದ ಕದಲುವದಿಲ್ಲ. ಆದ್ದರಿಂದ ಹಳೇ ಎಲೆ ಹಸುರಾಗಿಯೇ ಇದ್ದು ಚಿಗುರು ಹಳದಿಯಾಗುತ್ತದೆ, ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಇನ್ನು ಬುಡದಲ್ಲಿ ನೀರು ನಿಂತರೆ ಬೇರುಗಳಿಗೆ ಗಾಳಿ ಸಿಕ್ಕದೆ ಗಿಡವು ಉಸಿರುಕಟ್ಟಿ ಹಳದಿಯಾಗುತ್ತದೆ. ಹೀಗೆ ಬಣ್ಣ ಒಂದೇ ಆದರೂ ಅದರ ಕಾರಣಗಳು ಬೇರೆ ಬೇರೆ.

ಈಗ ಮದ್ದುಗಳನ್ನು ನೋಡೋಣ. ಸಾರಜನಕದ ಹಸಿವಿಗೆ ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು ಬೆರಸಿ ಬುಡಕ್ಕೆ ಹೊಯ್ಯುವದು ಒಳ್ಳೇದು. ಚೆನ್ನಾಗಿ ಕಳಿತ ಗೊಬ್ಬರ, ಹೊಂಗೆಯ ಸೊಪ್ಪು, ಶೇಂಗಾ ಹಿಂಡಿ ಇವೂ ಒಳ್ಳೇವೇ. ಆದರೆ ಅದೇ ಗೋಮೂತ್ರವನ್ನು ನೀರು ಬೆರಸದೆ ಹೊಯ್ದರೆ ಎಳೇ ಬೇರು ಸುಟ್ಟುಹೋಗುತ್ತದೆ. ಹುಳಿಮಜ್ಜಿಗೆಯನ್ನು ಎಲೆಯ ಮೇಲಣ ಬೂದಿರೋಗಕ್ಕೆ ಕೆಲವರು ಉಪಯೋಗಿಸುವದುಂಟು. ಹಸಿದ ಬೇರಿಗೆ ಅದು ಊಟವಾಗಲಾರದು. ನೀರು ನಿಂತ ಗಿಡಕ್ಕೆ ಇವುಗಳಲ್ಲಿ ಒಂದೂ ಬೇಡ. ಗುದ್ದಲಿಯನ್ನು ತಕ್ಕೊಂಡು ಬಸಿಗಾಲುವೆ ತೋಡುವದೇ ಅದಕ್ಕೆ ಮದ್ದು.

ಬೂದಿಯ ಸಂಗತಿಯು ವಿಶೇಷವಾಗಿ ಯೋಚಿಸತಕ್ಕದ್ದು. ಕಟ್ಟಿಗೆಯು ಉರಿಯುವಾಗ ಅದರಲ್ಲಿದ್ದ ಸಾರಜನಕವು ಹೊಗೆಯೊಡನೆ ಹೋಗಿಬಿಡುತ್ತದೆ. ಬೂದಿಯಲ್ಲಿ ಉಳಿಯುವದು ಮುಖ್ಯವಾಗಿ ಸುಣ್ಣದಂಶ, ಪೊಟ್ಯಾಷು ಮುಂತಾದವುಗಳೇ. ಮಳೆಯಿಂದ ತೊಳೆದು ಹುಳಿಯಾದ ಕರಾವಳಿಯ ಮುರಕಲ್ಲು ಮಣ್ಣಿನಲ್ಲಿ ಅದು ಉಪಕಾರಿ. ವಿಜಯಪುರದ ಕಡೆಯ ಸುಣ್ಣದಂಶವುಳ್ಳ ಕರಿನೆಲದಲ್ಲಾದರೋ ಸಂಗತಿ ಬೇರೆ. ಅಲ್ಲಿ ನಿಂಬೆಗಿಡದ ಚಿಗುರು ಹಳದಿಯಾದರೆ ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ. ಸುಣ್ಣದ ದೆಸೆಯಿಂದ ಅದು ಬೇರಿಗೆ ದಕ್ಕುವದಿಲ್ಲ. ಅಂಥ ಗಿಡಕ್ಕೆ ಬೂದಿ ಹಾಕುವವನು ಕಟ್ಟಿದ ಬಾಯಿಯನ್ನು ಇನ್ನೂ ಬಿಗಿಯಾಗಿ ಕಟ್ಟಿದಂತಾಗುವದು. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ ಕೊಂಚ ನಿಂಬೆರಸವನ್ನೂ ಬೆರಸಿ ಸಂಜೆಯ ತಂಪಿನಲ್ಲಿ ಎಲೆಗಳಿಗೆ ಸಿಂಪಡಿಸುವದೂ, ಬುಡಕ್ಕೆ ಕಳಿತ ಗೊಬ್ಬರ ಹಾಕುವದೂ ಅಲ್ಲಿ ಯುಕ್ತವಾದದ್ದು.

ಹಾಗಾದರೆ ಬೂದಿ ಹಾಕುತ್ತಿದ್ದ ನಮ್ಮ ಅಜ್ಜಿಯಂದಿರು ತಿಳುವಳಿಕೆಯಿಲ್ಲದವರೋ? ಎಂದಿಗೂ ಅಲ್ಲ. ಅವರು ತಮ್ಮ ಮಣ್ಣನ್ನು ನಾಲ್ವತ್ತು ಮಳೆಗಾಲ ನೋಡಿದವರು. ಅವರ ಮದ್ದಿನ ಹಿಂದೆ ಕಣ್ಣಿತ್ತು. ಮದ್ದು ಮಾತ್ರ ಬಾಯಿಂದ ಬಾಯಿಗೆ ಊರೂರು ತಿರುಗಿ, ಆ ಕಣ್ಣು ಹಿಂದೆ ಉಳಿದದ್ದೇ ಕೇಡಿಗೆ ಕಾರಣವಾಯಿತು. ಮನೆಮದ್ದನ್ನು ಹೀನವಾಗಿ ಎಣಿಸುವದೂ ತಪ್ಪು; ಸ್ವಾಭಾವಿಕವಾದದ್ದು ಎಂದಿಗೂ ಕೆಡಿಸದೆಂದು ನಂಬುವದೂ ತಪ್ಪು.

ಇದಕ್ಕಿಂತ ಕಠಿಣವಾದ ಇನ್ನೊಂದು ಸಂಗತಿಯುಂಟು. ಬೆಂಡೆಗಿಡದಲ್ಲಿ ಎಲೆಯ ನರಗಳೇ ಹಳದಿಯಾಗಿ ಬಲೆಯಂತೆ ತೋರಿದರೆ ಅದು ಹಳದಿ ನರದ ರೋಗ. 1924ರಲ್ಲಿ ಅಂದಿನ ಮುಂಬಯಿ ಪ್ರಾಂತದಲ್ಲಿ ಮೊದಲು ವರದಿಯಾದ ಈ ರೋಗವು ಒಂದು ವೈರಸಿನಿಂದ ಬರುತ್ತದೆ. ಬಿಳಿನೊಣವು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಬೇವಿನೆಣ್ಣೆಯ ಸಿಂಪಡಣೆಯಿಂದ ನೊಣವು ಕಡಿಮೆಯಾದೀತು. ಆದರೆ ರೋಗ ಹಿಡಿದ ಗಿಡವನ್ನು ಗುಣಪಡಿಸುವ ಮದ್ದು ಇಲ್ಲ. ಅದನ್ನು ಆರಂಭದಲ್ಲಿಯೇ ಕಿತ್ತು ಹೂಳಬೇಕು. ಇಲ್ಲಿ ನಮ್ಮ ಮನಸ್ಸು ಹಿಂಜರಿಯುತ್ತದೆ. ನೀರು ಹೊಯ್ದು ಸಾಕಿದ ಗಿಡವನ್ನು ಕೀಳುವದು ಹೇಗೆ, ಇನ್ನೊಂದು ವಾರ ಮಜ್ಜಿಗೆ ಎರಚಿ ನೋಡೋಣ ಅನ್ನುತ್ತೇವೆ. ಆ ಒಂದು ವಾರದಲ್ಲಿ ನೊಣವು ನಮ್ಮ ಬೇಲಿಯನ್ನು ದಾಟಿ ನೆರೆಯವನ ಹೊಲಕ್ಕೆ ಹೋಗುತ್ತದೆ. ನಮ್ಮ ಗಿಡದ ಮೇಲಣ ಕನಿಕರದ ಬೆಲೆಯನ್ನು ಅವನು ತೆರಬೇಕಾಗುತ್ತದೆ. ತನ್ನ ಆಶೆಯನ್ನು ಬಿಡಲಾರದ ಕನಿಕರವು ಕನಿಕರವಲ್ಲ, ಅದು ಸ್ವಾರ್ಥವೇ.

ಅಡಿಕೆಯ ಹಳದಿ ಎಲೆ ರೋಗವಂತೂ ಇನ್ನೂ ದುಃಖಕರವಾದದ್ದು. 1914ರ ಸುಮಾರಿಗೆ ಕೇರಳದ ಮೂವಾಟ್ಟುಪುಳದ ಕಡೆಯಲ್ಲಿ ಕಂಡುಬಂದ ಈ ರೋಗವು ಶೃಂಗೇರಿ, ಕೊಪ್ಪ, ಸುಳ್ಯದ ತೋಟಗಳಲ್ಲಿ ಎಷ್ಟೋ ಕುಟುಂಬಗಳ ಜೀವನವನ್ನು ಕಲಕಿದೆ. ಫೈಟೋಪ್ಲಾಸ್ಮ ಎಂಬ ಅತಿ ಸೂಕ್ಷ್ಮ ಜೀವಿಯು ಇದಕ್ಕೆ ಕಾರಣವೆಂದು ಶೋಧಕರು ತಿಳಿಸಿದ್ದಾರೆ. ತಕ್ಕ ಗೊಬ್ಬರದಿಂದಲೂ ಬಸಿಗಾಲುವೆಯಿಂದಲೂ ಮರವು ಕೆಲವು ಕಾಲ ತಾಳಿಕೊಳ್ಳಬಹುದು, ಗುಣವಾಗುವದಿಲ್ಲ. ಇಂಥ ತೋಟದವನಿಗೆ, ಈ ಕಷಾಯ ಹೊಯ್ಯಿರಿ, ವರ್ಷದೊಳಗೆ ಹಸುರಾದೀತು ಎಂದು ಹೇಳುವವನು ಅವನಿಂದ ಏನನ್ನು ಅಪಹರಿಸುತ್ತಾನೆ? ಬೇರೆ ಬೆಳೆಯನ್ನು ನೆಡಬಹುದಾಗಿದ್ದ ಒಂದು ವರ್ಷವನ್ನೇ ಅಪಹರಿಸುತ್ತಾನೆ. ಇದಕ್ಕೆ ಮದ್ದಿಲ್ಲವೆಂದು ಹೇಳುವದು ಕೇಳಲಿಕ್ಕೆ ಕ್ರೂರವಾದ ಮಾತು. ಆದರೂ ಹಾಗೆ ಹೇಳಿ, ಹೊಸ ಸಸಿಯ ಗುಂಡಿ ತೋಡಲಿಕ್ಕೆ ಅವನ ಸಂಗಡ ಇಳಿಯುವವನೇ ನಿಜವಾದ ನೆರೆಯವನು.

ಬಡವರಾದ ನಮಗೆ ಇಷ್ಟೆಲ್ಲಾ ಪರೀಕ್ಷಿಸಲು ಹಣವೆಲ್ಲಿ ಎಂದು ಯಾರಾದರೂ ಕೇಳಬಹುದು. ಬುಡದ ಎಲೆಯೋ ಚಿಗುರೋ ಎಂದು ನೋಡುವದಕ್ಕೆ ಹಣ ಬೇಡ. ನರ ಹಸುರೋ ಹಳದಿಯೋ ಎಂದು ಬೆಳಕಿಗೆ ಹಿಡಿದು ನೋಡುವದಕ್ಕೂ ಬೇಡ. ಬುಡವನ್ನು ಒಂದು ಗೇಣು ಅಗೆದು ತೇವವನ್ನು ತಿಳಿಯುವದಕ್ಕೂ ಬೇಡ. ಅಷ್ಟರಿಂದಲೂ ತಿಳಿಯದಿದ್ದರೆ ಎಲೆಯನ್ನೂ ಒಂದು ಹಿಡಿ ಮಣ್ಣನ್ನೂ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು. ಬೇಕಾದದ್ದು ಸಮಯ ಮತ್ತು ತಾಳ್ಮೆ. ನಮಗೆ ಕೊಡಲು ಮನಸ್ಸಿಲ್ಲದ್ದೂ ಹೆಚ್ಚಾಗಿ ಅವೇ.

ಆದಕಾರಣ ಪ್ರಿಯರೇ, ನಮ್ಮ ಪ್ರಶ್ನೆಗೆ ಉತ್ತರವು ಇದೇ: ಒಳ್ಳೇ ಮನಸ್ಸು ಬೀಜ ಮಾತ್ರ, ವಿಚಾರಿಸುವ ಶ್ರಮವೇ ಅದರ ಬೇಸಾಯ. ಇನ್ನು ಮೇಲೆ ಯಾವನಾದರೂ ಹಳದಿಯಾದ ಎಲೆಯನ್ನು ಕೈಯಲ್ಲಿ ಹಿಡಿದು ನಮ್ಮ ಅಂಗಳಕ್ಕೆ ಬಂದರೆ ಬೂದಿ ಎಂಬ ಮಾತು ಬಾಯಿಗೆ ಬರುವದಕ್ಕಿಂತ ಮುಂಚೆ, ಗಿಡ ಎಲ್ಲಿದೆ, ನಡೆಯಿರಿ, ನೋಡೋಣ ಎಂದು ಹೇಳಿ ಅವನ ಜೊತೆಯಲ್ಲಿ ಹೊಲಕ್ಕೆ ಹೊರಡೋಣ.