ನೀನ್ಯಾರು ಅಂತ ಹೇಳುವವರು ಯಾರು?

'ನಿನ್ನ ನೀನು ತಿಳಿ' ಎಂಬ ಮಾತು ಈ ನೆಲದಲ್ಲಿ ಬಹಳ ಹಳೆಯದು. ಮಠದಲ್ಲಿ ಕೇಳುತ್ತೇವೆ, ಕಾಲೇಜಿನ ಪಾಠದಲ್ಲೂ ಕೇಳುತ್ತೇವೆ. ಮಾತು ಕೆಟ್ಟದ್ದಲ್ಲ. ಆದರೆ ನಮ್ಮ ಅಪ್ಪಂದಿರು ಈ ಮಾತು ಕೇಳಿದ್ದು ಬೇರೆ ಕಡೆ, ಬೇರೆ ದನಿಯಲ್ಲಿ. ನಾಕಾಣೆ ಕೂಲಿ ಹೆಚ್ಚು ಕೇಳಿದಾಗ ಜಗಲಿ ಮೇಲಿಂದ ಬರುತ್ತಿತ್ತು: 'ನೀನ್ಯಾರು ಅಂತ ತಿಳ್ಕೊಂಡು ಮಾತಾಡ್ಲಾ.' ಮಠದ ಮಾತೂ ಜಗಲಿಯ ಮಾತೂ ಹೆಚ್ಚುಕಡಿಮೆ ಒಂದೇ. ಒಂದು ಉಪದೇಶ, ಇನ್ನೊಂದು ಬೆದರಿಕೆ. ಉಪದೇಶ ಯಾರಿಗೆ, ಬೆದರಿಕೆ ಯಾರಿಗೆ ಎಂದು ಕೇಳದೆ ಆತ್ಮಜ್ಞಾನದ ಮಾತಾಡುವುದು ನಮ್ಮಿಂದಾಗದು.

ಉಳಿದವರಿಗೆ 'ನಾನು ಯಾರು' ಎಂಬುದು ಪ್ರಶ್ನೆ. ನಮಗೆ ಅದು ಹುಟ್ಟುವ ಮೊದಲೇ ಬರೆದಿಟ್ಟ ಉತ್ತರ. ಹೆಸರನ್ನೇ ನೋಡಿ. ಊರೊಳಗೆ ಕೆಂಪೇಗೌಡರು, ಹಟ್ಟಿಗೆ ಬಂದರೆ ಬರೀ ಕೆಂಪ, ಕೂಗುವಾಗ 'ಲೇ ಕೆಂಪ'. ಅಪ್ಪ ಅವ್ವನಿಗೆ ತಾರೀಖು ಗೊತ್ತಿಲ್ಲದೆ, ಶಾಲೆಗೆ ಸೇರಿಸಿದ ದಿನ ಮೇಷ್ಟ್ರೇ ಜೂನ್ 1 ಎಂದು ಬರೆದುಕೊಂಡ ಹುಟ್ಟುದಿನ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ? ಹುಟ್ಟಿದ ದಿನವನ್ನು ಮೇಷ್ಟ್ರು ಕೊಟ್ಟರು. ಜಾತಿಯನ್ನು ತಹಶೀಲ್ದಾರರು ಮೊಹರು ಹಾಕಿ ಕೊಟ್ಟರು. ಜಾಗವನ್ನು ಊರು ಕೊಟ್ಟಿತು, ಊರ ಹೊರಗೆ. ಇಷ್ಟೆಲ್ಲ ಬೇರೆಯವರು ಕೊಟ್ಟ ಮೇಲೆ 'ಒಳಗೆ ನೋಡಿಕೋ' ಅಂದರೆ, ಒಳಗೆ ಕಾಣುವುದು ಯಾರ ಮುಖ? ಅವರು ತೋರಿಸಿಕೊಟ್ಟ ಮುಖವೇ. ಆದ್ದರಿಂದ ನಮ್ಮ ಅರಿವು ಕಣ್ಣು ಮುಚ್ಚಿ ಕೂತರೆ ಶುರುವಾಗದು. ಈ ಉತ್ತರ ಬರೆದವರು ಯಾರು ಎಂದು ಕಣ್ಣು ಬಿಟ್ಟು ಕೇಳಬೇಕು.

ಓದಿದವರಿಗೆ ಒಂದು ಸುಲಭದ ದಾರಿ ಕಾಣುತ್ತದೆ. ಡಿಗ್ರಿ ಬಂತು, ಕೆಲಸ ಬಂತು, ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಬೇಕು. 'ನೀವು ಯಾವ ಪೈಕಿ?' ಅನ್ನುತ್ತಾರೆ ಮನೆಯವರು. ಬೇರೆ ಏನನ್ನೋ ಹೇಳಿಬಿಟ್ಟರೆ ಬೀಗದ ಕೈ ಸಿಗುತ್ತದೆ. ಹಾಗೆ ಹೇಳುವವರನ್ನು ನಾವು ಹಂಗಿಸುವುದಿಲ್ಲ. ತಲೆ ಮೇಲೊಂದು ಸೂರು ಬೇಕಾದವನಿಗೆ ಹರಿಶ್ಚಂದ್ರನ ಕತೆ ಹೇಳುವುದು ಕ್ರೌರ್ಯ. ಆದರೆ ಆ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು 1917ರಲ್ಲೇ ಬರೋಡ ತೋರಿಸಿದೆ. ನ್ಯೂಯಾರ್ಕ್, ಲಂಡನ್‌ಗಳಲ್ಲಿ ಓದಿ ಬಂದ ಅಂಬೇಡ್ಕರ್ ಅಲ್ಲಿನ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇರಲು ಮನೆ ಇಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. 11ನೇ ದಿನ ದೊಣ್ಣೆ ಹಿಡಿದವರು ಬಂದು ನಿಂತರು. ಅಷ್ಟು ದೊಡ್ಡ ವಿದ್ಯೆ ಕಲಿತವರಿಗೆ ಕೊನೆಗೆ ಆ ಊರಲ್ಲಿ ಕೂರಲು ಸಿಕ್ಕಿದ್ದು ಸಾರ್ವಜನಿಕ ಉದ್ಯಾನವೊಂದೇ. ಎರವಲು ಹೆಸರು ಕೊಡಿಸಿದ ಜಾಗದ ಆಯುಸ್ಸು ಅಷ್ಟೆ.

ಹತ್ತು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಅದೇ ಅಂಬೇಡ್ಕರ್ ಮಹಾಡ್‌ನ ಚವದಾರ್ ಕೆರೆಗೆ ಇಳಿದರು. ಈ ಸಲ ಸ್ವಂತ ಹೆಸರಿನಲ್ಲಿ, ಸಾವಿರಾರು ಜನರ ಜೊತೆ. ಕೆರೆ ಎಲ್ಲರಿಗೂ ಸೇರಿದ್ದು ಎಂದು ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು. ಜನ ನಡೆದು ಹೋಗಿ ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಏಟು ತಿಂದರು. ಸಗಣಿ ಗಂಜಲ ಸುರಿದು ಕೆರೆಯನ್ನು ಮಡಿ ಮಾಡುವ ಶಾಸ್ತ್ರವೂ ನಡೆಯಿತು. ಆದರೂ ಆ ಬೊಗಸೆ ನೀರಿನಲ್ಲಿ ಅವರಿಗೆ ಕಂಡ ಮುಖ ಊರು ತೋರಿಸಿದ ಮುಖವಲ್ಲ. ತನ್ನನ್ನು ತಾನು ಅರಿಯುವುದು ಅಂದರೆ ಇದೇ ಎಂದು ನಾವು ತಿಳಿದಿದ್ದೇವೆ. ನಡೆಯುತ್ತ ನಡೆಯುತ್ತ ಅರಿವು. ಜಾಗವೂ ಹಾಗೆಯೇ, ಹತ್ತು ಜನ ಜೊತೆಗೂಡಿ ಮಾಡಿಕೊಳ್ಳಬೇಕಾದ್ದು.

ಹಾಗಾದರೆ ನಾವು ಅಂದರೆ ಜಾತಿ ಅಷ್ಟೇನಾ? ಗೆಳೆಯರು ಕೇಳುತ್ತಾರೆ. ಖಂಡಿತ ಅಲ್ಲ. ಮೊದಲ ಮಳೆಯ ಬಗ್ಗೆ ಪದ್ಯ ಬರೆಯುವ ಹಕ್ಕೂ ನಮ್ಮದೇ. ಮಾದಾರ ಚೆನ್ನಯ್ಯ, 12ನೇ ಶತಮಾನದ ಡೋಹರ ಕಕ್ಕಯ್ಯ ತಮ್ಮ ಕುಲದ ಹೆಸರನ್ನು ಮುಂದಿಟ್ಟುಕೊಂಡೇ ಶಿವನ ಕೂಡ ಮಾತಾಡಿದರು. ಹೆಸರನ್ನು ಮುಚ್ಚಿಡಲಿಲ್ಲ, ಅದರೊಳಗೇ ಮುದುಡಿ ಕೂರಲೂ ಇಲ್ಲ.

ಇನ್ನೊಂದು ಮಾತಿದೆ, ಕಹಿಯಾದದ್ದು. ಜಾತಿ ಅಂದರೆ ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಎಂದು ಅಂಬೇಡ್ಕರ್ ತೋರಿಸಿಕೊಟ್ಟರು. ಮೆಟ್ಟಿಲ ಮೇಲೆ ನಿಂತ ಒಬ್ಬೊಬ್ಬನಿಗೂ ತುಳಿಯಲು ಕೆಳಗೊಬ್ಬ. ನಮ್ಮೊಳಗೂ ಹೊಲೆಯ, ಮಾದಿಗ ಎಂಬ ಗೆರೆ ಇದೆ. ಸಭೆಯಲ್ಲಿ ಸಮಾನತೆಯ ಭಾಷಣ ಮುಗಿಸಿ ಮಧ್ಯರಾತ್ರಿ ಮನೆಗೆ ಬರುವ ಗಂಡಸಿಗೆ ಒಲೆ ಮುಂದೆ ಕಾದು ಕೂತ ಅವ್ವ ಇದ್ದಾಳೆ, ಹೆಂಡತಿ ಇದ್ದಾಳೆ. ನೀನ್ಯಾರು, ನಿನಗೇನು ಬೇಕು ಅಂತ ಅವಳನ್ನು ಕೇಳಿದವರು ಯಾರು? ನಮಗೆ ಜಾಗ ಸಿಕ್ಕಿತು ಅಂದುಕೊಂಡ ದಿನ ಒಮ್ಮೆ ಕಾಲ ಕೆಳಗೆ ನೋಡಿಕೊಳ್ಳಬೇಕು. ಅಲ್ಲಿ ಮನುಷ್ಯರಿದ್ದರೆ ಅದು ಅದೇ ಹಳೇ ಜಗಲಿ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಈ ಸಲ ಹಟ್ಟಿಯಿಂದ ಬಂದು ಸೇರುವ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಯಾವ ಕೇರಿ ಎಂದು ಆಮೇಲೆ ಕೇಳುವಿರಂತೆ. ಮೊದಲು ಅದರ ಪೂರ್ತಿ ಹೆಸರನ್ನು ಅದರ ಬಾಯಿಂದಲೇ ಕೇಳಿ. ತಾನು ಯಾರು ಎಂಬುದನ್ನು ಅದೇ ಹೇಳಲಿ. ತಡವರಿಸಿದರೆ ಸ್ವಲ್ಪ ಕಾಯಿರಿ. ಇಷ್ಟು ಕಾಲ ಬೇರೆಯವರೇ ಹೇಳಿದ್ದಾಗಿದೆ.