ಮನೆಯಲ್ಲೇ ಪ್ರಾರ್ಥಿಸಿದರೆ ಸಾಲದೇ?

ದೇವರು ಎಲ್ಲೆಲ್ಲೂ ಇದ್ದಾನೆ. ಅಂದ ಮೇಲೆ ಕ್ರೈಸ್ತರು ಭಾನುವಾರ ಭಾನುವಾರ ಚರ್ಚಿಗೇ ಯಾಕೆ ಹೋಗಬೇಕು? ಮನೆಯ ಮೂಲೆಯಲ್ಲಿ ಕೂತು ಬೇಡಿಕೊಂಡರೆ ಆತನಿಗೆ ಕೇಳಿಸುವುದಿಲ್ಲವೇ?

ಖಂಡಿತ ಕೇಳಿಸುತ್ತದೆ. ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸಬೇಕೆಂದು ಹೇಳಿಕೊಟ್ಟವರು ಯೇಸುಸ್ವಾಮಿಯೇ. ಆದರೆ ಅದೇ ಉಪದೇಶದಲ್ಲಿ ಅವರು ಕಲಿಸಿದ ಪ್ರಾರ್ಥನೆ ದೇವರನ್ನು ‘ನನ್ನ’ ತಂದೆ ಅನ್ನುವುದಿಲ್ಲ, ‘ನಮ್ಮ’ ತಂದೆ ಅನ್ನುತ್ತದೆ. ಒಂಟಿಯಾಗಿ ಕೂತವನೂ ಉಳಿದವರನ್ನು ಜೊತೆಗಿಟ್ಟುಕೊಂಡೇ ಬೇಡಬೇಕು.

ಕ್ರಿ.ಶ. 303ರಲ್ಲಿ ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ ಚರ್ಚುಗಳನ್ನು ಕೆಡವಲು, ಧರ್ಮಗ್ರಂಥಗಳನ್ನು ಸುಡಲು ಆಜ್ಞೆ ಮಾಡಿದ. ಕ್ರೈಸ್ತರು ಒಟ್ಟು ಸೇರುವುದೇ ಅಪರಾಧವಾಯಿತು. ಮರುವರ್ಷ ಉತ್ತರ ಆಫ್ರಿಕಾದ ಅಬಿತಿನೆ ಎಂಬ ಊರಿನಲ್ಲಿ (ಈಗಿನ ಟ್ಯುನೀಷಿಯಾ) ಹೀಗೆ ಸೇರಿದ್ದ 49 ಮಂದಿ ಸಿಕ್ಕಿಬಿದ್ದರು. ಅವರವರ ಮನೆಯಲ್ಲಿ ಮನಸ್ಸಿನೊಳಗೇ ಪ್ರಾರ್ಥಿಸಿದ್ದರೆ ಯಾವ ಸೈನಿಕನಿಗೂ ಗೊತ್ತಾಗುತ್ತಿರಲಿಲ್ಲ. ಕಾರ್ಥೇಜಿನ ವಿಚಾರಣೆಯಲ್ಲಿ, ಇವರನ್ನೆಲ್ಲ ಮನೆಯೊಳಗೆ ಯಾಕೆ ಬಿಟ್ಟುಕೊಂಡೆ ಎಂದು ಅಧಿಕಾರಿ ಎಮೆರಿತುಸ್ ಎಂಬುವವನನ್ನು ಕೇಳಿದ. ಬಂದವರು ತನ್ನ ಸೋದರರು, ಬೇಡ ಅನ್ನಲಾಗಲಿಲ್ಲ, ಭಾನುವಾರದ ಆ ಆರಾಧನೆ ಇಲ್ಲದೆ ತಾವು ಇರಲಾರೆವು ಎಂದು ಅವನು ಉತ್ತರ ಕೊಟ್ಟ. ಚಿತ್ರಹಿಂಸೆಗೂ ಆ ಮಾತು ಬದಲಾಗಲಿಲ್ಲ.

ಅಂಥದ್ದೇನಿತ್ತು ಆ ಕೂಟದಲ್ಲಿ? ಅದಕ್ಕೂ ಸುಮಾರು 150 ವರ್ಷ ಮೊದಲು ರೋಮಿನಲ್ಲಿದ್ದ ಸಂತ ಜಸ್ಟಿನ್ ಅದನ್ನು ಬರೆದಿಟ್ಟಿದ್ದಾರೆ. ಭಾನುವಾರ ಪಟ್ಟಣದವರು, ಹಳ್ಳಿಯವರು ಒಂದೆಡೆ ಸೇರುತ್ತಿದ್ದರು. ಯೇಸು ಪುನರುತ್ಥಾನರಾದ ದಿನ ಅದು. ಗ್ರಂಥ ಓದಿ, ಬೋಧನೆ ಕೇಳಿ, ಪ್ರಾರ್ಥಿಸಿ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುತ್ತಿದ್ದರು. ಬರಲಾಗದವರ ಪಾಲನ್ನು ಅವರಿದ್ದಲ್ಲಿಗೇ ಒಯ್ದು ಕೊಡುತ್ತಿದ್ದರು. ಉಳ್ಳವರು ಮನಸಾರೆ ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದವರಿಗೆ ಹೋಗುತ್ತಿತ್ತು. ಯಾರು ಬಂದಿಲ್ಲ, ಯಾರ ಮನೆಯಲ್ಲಿ ಕಷ್ಟವಿದೆ ಅನ್ನೋದು ಒಂದೆಡೆ ಸೇರಿದರೆ ತಾನೆ ತಿಳಿಯುವುದು?

ಹಾಗಂತ ಸೇರಿದ ಮಾತ್ರಕ್ಕೆ ಪುಣ್ಯ ಬಂತು ಅಂದುಕೊಳ್ಳುವಂತಿಲ್ಲ. ಕೊರಿಂಥ ಪಟ್ಟಣದ ಸಭೆಯಲ್ಲಿ ಕೆಲವರು ಮೊದಲೇ ಉಂಡು ಕುಡಿದು ತೇಗುತ್ತಿದ್ದರು, ಬಡವರು ಹಸಿದೇ ಇರುತ್ತಿದ್ದರು. ನೀವು ಕೂಡಿ ಬರುವುದರಿಂದ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚು ಎಂಬರ್ಥದಲ್ಲಿ ಸಂತ ಪೌಲರು ಅವರನ್ನು ಕಟುವಾಗಿ ಎಚ್ಚರಿಸಿದರು. ಇಂದಿಗೂ ಎಷ್ಟೋ ಜನ ಚರ್ಚು ಬಿಡುವುದು ದೇವರ ಮೇಲಿನ ಸಿಟ್ಟಿನಿಂದಲ್ಲ, ಅಲ್ಲಿಗೆ ಬರುವವರ ನಡತೆ ನೋಡಿ. ಅವರ ನೋವು ಸುಳ್ಳಲ್ಲ.

ಆದರೂ ಕ್ರೈಸ್ತಧರ್ಮ ಕೂಟವನ್ನು ಬಿಡಲಿಲ್ಲ. ಮೊದಲ ಕ್ರೈಸ್ತರು ತಮ್ಮ ಸಮುದಾಯವನ್ನು ಕರೆದ ಗ್ರೀಕ್ ಪದ ‘ಎಕ್ಲೇಸಿಯ’ಕ್ಕೆ ಕೂಡಿಬಂದ ಜನ ಎಂದೇ ಅರ್ಥ. ಕಟ್ಟಡ ಬಂದದ್ದು ಆಮೇಲೆ. ಕನ್ನಡ ಕ್ರೈಸ್ತರೂ ಅದನ್ನು ‘ಸಭೆ’ ಅನ್ನುತ್ತಾರೆ.

ಮನೆಯ ಪ್ರಾರ್ಥನೆಯಲ್ಲಿ ಬೇಡದವರ ಮುಖ ನೋಡಬೇಕಾಗಿಲ್ಲ. ಚರ್ಚಿನಲ್ಲಿ ಮಾತುಬಿಟ್ಟ ತಮ್ಮ ಪಕ್ಕದ ಬೆಂಚಿನಲ್ಲೇ ಕೂತಿರಬಹುದು. ಸೋದರನಿಗೆ ನಿನ್ನ ಮೇಲೆ ಬೇಸರವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಅವನೊಡನೆ ರಾಜಿಯಾಗಬೇಕೆಂದು ಯೇಸುಸ್ವಾಮಿ ಹೇಳಿದ್ದಾರೆ. ದೇವರ ಮುಂದೆ ನಿಂತಾಗ ಆ ತಮ್ಮನ ನೆನಪಾದರೆ, ಚರ್ಚಿಗೆ ಬಂದದ್ದು ಸಾರ್ಥಕ.